ಬಟಾಟಿ ವಡಾದ ಪಾಠ

ಸ್ನೇಹಲ ತಟ್ಟೆಯನ್ನು ಅವ್ವನ ಮುಂದೆ ಸರಿಸಿದಳು. ಚಂದ್ರಮತಿ ಅದನ್ನು ಮತ್ತೆ ಹಿಂದಕ್ಕೆ ನೂಕಿದಳು.

ಅವಳ ಗಂಡ ತವನಪ್ಪ ಮಾಸ್ತರರನ್ನು ಚಿತೆಗೆ ಒಪ್ಪಿಸಿ ಬಂದವರು ಮಿಂದು ಪಡಸಾಲೆಯಲ್ಲಿ ಕುಳಿತಿದ್ದರು. ನೆರೆಮನೆಯ ಅಕ್ಕುತಾಯಿ ತಂದಿಟ್ಟ ರೊಟ್ಟಿ, ಹೆಸರುಬೇಳೆ ಆರುತ್ತಿದ್ದವು. ಹೊರಗೆ ಹೊತ್ತು ಕಬ್ಬಿನ ಗರಿಗಳ ತನಕ ಇಳಿದಿತ್ತು. ಅದು ಮುಳುಗಿದರೆ ಈ ಜೈನರ ಮನೆಯಲ್ಲಿ ಯಾರೂ ತುತ್ತು ಎತ್ತುವುದಿಲ್ಲ. ಚಂದ್ರಮತಿ ನಿನ್ನೆಯಿಂದ ಬರೀ ಹೊಟ್ಟೆ. ಮೇಲೆ ಸಕ್ಕರೆ ಕಾಯಿಲೆ.

“ಅವ್ವಾ, ಉಣ್ಣದಿದ್ರ ರಾತ್ರಿ ತಲಿ ತಿರಗಿ ಬೀಳ್ತಿ.”

“ಅವರಽ ಹೋಗ್ಯಾರ. ನನಗ್ಯಾತರ ಊಟ?”

“ಬಿಡು ಸ್ನೇಹಲಾ, ವೈನಿದು ಒಂದ್ ಉಪಾಸ ಆಗ್ಲಿ. ಪುಣ್ಯಾ ಬರ್ತೈತಿ,” ಎಂದ ಮಾಸ್ತರರ ತಮ್ಮ ಅಣ್ಣಾಸಾಬ.

“ಪುಣ್ಯಾ ಬರೂದ್ರಾಗ ಆಂಬುಲನ್ಸ್ ಬರ್ತೈತ್ರಿ ಕಾಕಾ!”

ಮೂಲೆಯಲ್ಲಿದ್ದ ಮುರಗೆಪ್ಪ ನಗು ತಡೆಯಲು ಕೆಮ್ಮಿದ. ಸ್ನೇಹಲಳ ಜೊತೆ ಅವಳಪ್ಪನ ಕ್ಲಾಸಿನಲ್ಲೇ ಕಲಿತವನು. ಆ ಕೆಮ್ಮು ಕೇಳಿದ್ದೇ ಅವಳಿಗೆ ವಡಾ ನೆನಪಾಯಿತು.

*

ಇಬ್ಬರೂ ಶಾಲೆಯಲ್ಲಿದ್ದಾಗ ಒಂದು ದಿನ ಮಾಸ್ತರರು ಕರೋಶಿ ಬಸ್‌ಸ್ಟ್ಯಾಂಡಿನ ಬಿಸಿ ಬಟಾಟಿ ವಡಾ ಹಿಡಿದು ಕ್ಲಾಸಿಗೆ ಬಂದಿದ್ದರು. ಜೈನರ ನೇಮದಂತೆ ಆಲೂಗಡ್ಡೆಯಂಥ ಗೆಡ್ಡೆ ಮುಟ್ಟದ ಮಾಸ್ತರ, ಕೈಯಲ್ಲಿ ಬಟಾಟಿ! ಹಲಗೆಯ ಮೇಲೆ ‘ಎಸ್‌ಚೂ’ ಎಂಬ ಇಂಗ್ಲಿಷ್ ಕ್ರಿಯಾಪದ ಬರೆದು, ವಡಾ ಮೂಗಿನ ಹತ್ತಿರ ಹಿಡಿದು, ಕಣ್ಣು ಮುಚ್ಚಿದರು.

“ಆಹಾಹಾ! ಸಿಗಲಿಲ್ಲಂತ ಬಿಟ್ರ ಎಸ್‌ಚೂ ಅಲ್ಲ. ಹೊಟ್ಟಿ ಕೆಟ್ಟೈತಂತ ಬಿಟ್ರ ಎಸ್‌ಚೂ ಅಲ್ಲ. ಕೈಯಾಗ ಇದ್ದು, ಬಾಯಾಗ ನೀರ ಬಂದ್ರೂ, ತಿಳದು ‘ಬ್ಯಾಡ’ ಅಂದ್ರ ಅದು ಎಸ್‌ಚೂ! ಐ ಎಸ್‌ಚೂ ಬಟಾಟಿ. ನೀ ಏನಂತಿಲೇ ಮುರಗ್ಯಾ?”

“ನಾ ತಿಂತೇನ್ರಿ ಸರ್!”

ವಡಾ ಅವನ ಪಾಲಾಯಿತು.

*

ಸ್ನೇಹಲ ಎದ್ದಳು. ಗೂಡಿನಲ್ಲಿದ್ದ ಅಪ್ಪನ ಕನ್ನಡಕವನ್ನು ಮೂಗಿನ ತುದಿಗೆ ಏರಿಸಿ, ಥೇಟ್ ಅವರ ಹಾಗೆಯೇ ಗಂಟಲು ಸರಿಮಾಡಿಕೊಂಡಳು.

“ಮುರಗ್ಯಾ! ಎಸ್‌ಚೂ ಅಂದ್ರ?”

ಬೋಳುತಲೆಯ ಮುರಗೆಪ್ಪ ಥಟ್ಟನೆ ಕೈಕಟ್ಟಿ ಎದ್ದು ನಿಂತ. “ತಿಳದು ಬಿಡೂದ್ರಿ ಸರ್!”

ಅಣ್ಣಾಸಾಬನ ಹುಬ್ಬು ಗಂಟಿಕ್ಕಿತು.

ಸ್ನೇಹಲ ಅಪ್ಪನ ದನಿಯಲ್ಲೇ ಅವ್ವನತ್ತ ತಿರುಗಿದಳು. “ಚಂದ್ರಾ, ನೀ ತಿಳದು ಬಿಟ್ಟಿಯೇನು?”

ಚಂದ್ರಮತಿ ಆ ಕನ್ನಡಕವನ್ನೇ ನೋಡಿದಳು. “ಇಲ್ರಿ... ಗಂಟಲಾಗ ಇಳಿವಲ್ದು.”

“ಹಂಗಾದ್ರ ಎಸ್‌ಚೂ ಅಲ್ಲ. ಸೊನ್ನಿ ಮಾರ್ಕ್ಸ್! ಉಣ್ಣು.”

ಅಳುವಿನ ನಡುವೆಯೇ ಚಂದ್ರಮತಿಗೆ ನಗು ಒತ್ತರಿಸಿತು. “ಹ್ವಾದ್ರೂ ಪಾಠಾ ಬಿಡವಲ್ರು, ನೋಡು,” ಎಂದು ರೊಟ್ಟಿ ಮುರಿದಳು.

ಅಣ್ಣಾಸಾಬ ಹೊಸ್ತಿಲಿಗೆ ಹೋಗಿ ಪಡುವಣ ನೋಡಿ ಬಂದ. “ಇನ್ನೂ ಹೊತ್ತೈತಿ. ಸಾವಕಾಶ ಉಣ್ರಿ ವೈನಿ.”

ಉಂಡಾದ ಮೇಲೆ, ಮಾಸ್ತರರು ದಿನಾಲೂ ಮಾಡುತ್ತಿದ್ದಂತೆ, ಅವಳು ತಟ್ಟೆಗೆ ನೀರು ಸುರಿದು, ಒಂದು ಚೂರೂ ಕೆಡದಂತೆ ಬೆರಳಾಡಿಸಿ, ಆ ನೀರನ್ನೂ ಕುಡಿದಳು. ಬರಿದಾದ ಸ್ಟೀಲಿನ ತಟ್ಟೆಯಲ್ಲಿ, ಮುಳುಗುವ ಹೊತ್ತಿನ ಕೆಂಪು ಇನ್ನೂ ಉಳಿದಿತ್ತು.