ಎಂಬತ್ತು ನಿಮಿಷದ ಮಾತು

ಲ್ಯಾಪ್‌ಟಾಪನ್ನು ಗಾಜಿನ ಕೌಂಟರಿನ ಮೇಲೆ ಬೋರಲು ಹಾಕಿ, ನಿಶಾತ ಅದರ ನಾಲ್ಕೂ ಮೂಲೆಗಳನ್ನು ಬೆರಳ ತುದಿಯಿಂದ ಒತ್ತಿ ನೋಡಿದಳು. ಆಮೇಲೆ ಬಗ್ಗಿ, ಕಣ್ಣನ್ನು ಗಾಜಿನ ಮಟ್ಟಕ್ಕೆ ತಂದು ಅಡ್ಡಲಾಗಿ ದಿಟ್ಟಿಸಿದಳು.

"ಉಬ್ಬಿಲ್ರಿ ಅಕ್ಕಾರ. ಅದೊಂದು ಛಲೋ ಆತು. ಉಬ್ಬಿದ ಬ್ಯಾಟರಿ ಮನ್ಯಾಗ ಇಟ್ಕೋಬಾರದು."

ದ್ರಾಕ್ಷಾಯಿಣಿ ಶನಿವಾರ ಅರ್ಧ ದಿನದ ಪಾಳಿ ಮುಗಿಸಿ, ಕಾರ್ಖಾನೆಯ ನೀಲಿ ಕೋಟಿನಲ್ಲೇ ಗೋಕುಲ ರಸ್ತೆಯ ಈ ರಿಪೇರಿ ಅಂಗಡಿಗೆ ಬಂದಿದ್ದಳು. ವಾಲ್ವುಗಳಿಗೆ ಚೀಟಿ ಅಂಟಿಸಿ ಡಬ್ಬಿಗೆ ತುಂಬುವ ಅವಳಿಗೆ ಈ ಯಂತ್ರದ ವಿಷಯ ಏನೂ ತಿಳಿಯದು. ಗಂಡ ಸಿದ್ಧಾರೂಢ ಬರೆದುಕೊಟ್ಟಿದ್ದ ಚೀಟಿಯನ್ನು ಬಿಚ್ಚಿ ಮುಂದೆ ಹಿಡಿದಳು. 'ಒಂದೂವರೆ ತಾಸಿಗೆ ಆರಿಹೋಗುತ್ತದೆ. ಪರೀಕ್ಷೆ ಮಾಡಿಸಿ ತರುವುದು' ಎಂದಿತ್ತು.

ನಿಶಾತ ಲ್ಯಾಪ್‌ಟಾಪ್ ತೆರೆದು, ಅದರಲ್ಲಿ ಮೂಡಿದ ಕಪ್ಪು ಕಿಟಕಿಯೊಂದರಲ್ಲಿ ಆಜ್ಞೆಯ ಒಂದು ಸಾಲು ಟೈಪ್ ಮಾಡಿದಳು. ಪರದೆಯ ಮೇಲೆ ಉದ್ದಾನುದ್ದ ಅಂಕಿಗಳ ವರದಿ ಬಿಚ್ಚಿಕೊಂಡಿತು.

"ಇಲ್ನೋಡ್ರಿ. ಹೊಸದಿದ್ದಾಗ ಇದು ಹಿಡೀತಿದ್ದದ್ದು ನಲವತ್ತೊಂದು ಸಾವಿರ. ಈಗ ಪೂರ್ತಿ ತುಂಬಿಸಿದ್ರೂ ಹದಿನಾಲ್ಕು ಸಾವಿರ. ಕೊಡ ಅಷ್ಟ ಐತ್ರಿ, ನೀರು ಮಾತ್ರ ಮೂರಾಗ ಒಂದು ಪಾಲು ಹಿಡೀತೈತಿ. ತುಂಬಿ ಖಾಲಿ ಆಗಿದ್ದು ಎಂಟನೂರಾ ಹನ್ನೆರಡು ಸಲ." ಆಕೆ ವರದಿಯನ್ನು ಇನ್ನಷ್ಟು ಕೆಳಗೆ ಸರಿಸಿದಳು. "ನಿಮ್ಮ ಕಡೆ ಮಧ್ಯಾಹ್ನ ಕರೆಂಟ್ ಹೋಗ್ತೈತೇನ್ರಿ?"

"ಗಬ್ಬೂರಾಗ ನಮ್ಮ ಮನಿ. ಹಂಗೇನು ಹೋಗಂಗಿಲ್ಲವಾ. ಬಾಜೂಕ ಹಿಟ್ಟಿನ ಗಿರಣಿ ದಿನಾ ನಡದ ಇರತೈತಿ."

"ಮತ್ತ ಬುಧವಾರ, ಗುರುವಾರ, ಶುಕ್ರವಾರ, ಮೂರೂ ದಿನ ಎರಡೂವರಿಗೆ ವಾಯರ್ ತಗದಾರ. ಎಂಬತ್ತು ನಿಮಿಷ ಬರೇ ಬ್ಯಾಟರಿ ಮ್ಯಾಲ ನಡದೈತಿ. ಉಳಿದ ಹೊತ್ತು ವಾಯರ್ ಹಚ್ಚೇ ಐತಿ. ಏನು ಕೆಲಸ ಮಾಡ್ತಾರ್ರಿ ಇದರಾಗ?"

"ಮಾತಾಡ್ತಾರವಾ" ಎಂದಳು ದ್ರಾಕ್ಷಾಯಿಣಿ.

ನಿಶಾತ ತಲೆಯೆತ್ತಿದಳು. ದ್ರಾಕ್ಷಾಯಿಣಿ ಹೇಳಬೇಕಾಯಿತು. ಇಪ್ಪತ್ತಾರು ವರ್ಷ ಬಸ್ ನಿಲ್ದಾಣದ ಸಣ್ಣ ಕೋಣೆಯಲ್ಲಿ ಕುಳಿತು, ಯಾವ ಊರಿನ ಬಸ್ಸು ಯಾವ ಅಂಕಣದಲ್ಲಿ ನಿಂತಿದೆ ಎಂದು ಮೈಕಿನಲ್ಲಿ ಸಾರುತ್ತಿದ್ದವನು ಅವಳ ಗಂಡ. ಎರಡು ವರ್ಷದ ಹಿಂದೆ ಗಂಟಲಿನ ಗಂಟು ತೆಗೆಯುವಾಗ ಧ್ವನಿಪೆಟ್ಟಿಗೆಯನ್ನೂ ತೆಗೆದಿದ್ದರು. ಈಗ ಕೊರಳ ಕೆಳಗಿನ ಒಂದು ತೂತಿನಿಂದ ಉಸಿರಾಟ. ಫೋನಿನ ಚಿಕ್ಕ ಅಕ್ಷರಗಳಿಗೆ ಆತನ ದಪ್ಪ ಬೆರಳು ಹೊಂದಲಿಲ್ಲ. ಆಫೀಸಿನಲ್ಲಿ ಕಲಿತಿದ್ದ ಕನ್ನಡ ಟೈಪಿಂಗ್ ಕೈಹಿಡಿಯಿತು. ಯಾರೋ ಬಳಸಿ ಬಿಟ್ಟ ಈ ಲ್ಯಾಪ್‌ಟಾಪಿನಲ್ಲಿ ಆತ ಬರೆದದ್ದನ್ನು ಯಂತ್ರದ ಹೆಣ್ಣುದನಿ ಓದಿ ಹೇಳುತ್ತದೆ. ಊರ ಮಾತು ಬರೆದರೆ ಅದರ ನಾಲಿಗೆ ತೊಡರುವುದರಿಂದ ಆತ ಪುಸ್ತಕದ ಕನ್ನಡವನ್ನೇ ಬರೆಯುತ್ತಾನೆ.

ನಿಶಾತ ಹಿಂದೆ ಕಾಯುತ್ತಿದ್ದ ಗಿರಾಕಿಗೆ ಕೂರಲು ಹೇಳಿ ಮತ್ತೆ ಕೀಲಿಮಣೆಯ ಮೇಲೆ ಬಗ್ಗಿದಳು.

"ಹೊಸ ಬ್ಯಾಟರಿ ಬರಾಕ ನಾಕೈದು ದಿನ ಬೇಕ್ರಿ. ಅಲ್ಲಿತನಾ ಪರದೆ ಬೆಳಕು ಕಡಿಮಿ ಮಾಡೇನಿ. ಬ್ಯಾಡಾದ್ದು ಏನೇನೋ ಒಳಗ ಓಡಾಕತ್ತಿದ್ವು, ಬಂದ್ ಮಾಡೇನಿ. ಇನ್ನೊಂದು ಹತ್ತು ನಿಮಿಷ ಹೆಚ್ಚಿಗಿ ಮಾತಾಡಬಹುದು. ಬಿಸಲಾಗ ಮಾತ್ರ ಇಡಬ್ಯಾಡ್ರಿ."

"ನಿನ್ನ ಹೊಟ್ಟಿ ತಣ್ಣಗಿರಲಿ ತಂಗಿ."

ನಿಶಾತ ವರದಿಯನ್ನು ಮುದ್ರಿಸಿ, ಮಡಚಿ ಕೈಗಿತ್ತಳು.

ಬಸ್ಸಿನಲ್ಲಿ ದ್ರಾಕ್ಷಾಯಿಣಿ ಆ ಹಾಳೆಯನ್ನು ಮೂರು ಸಲ ಬಿಚ್ಚಿ ನೋಡಿದಳು. ಉಳಿದದ್ದು ತಿಳಿಯದಿದ್ದರೂ ಹೊತ್ತಿನ ಅಂಕಿಗಳು ತಿಳಿಯುತ್ತಿದ್ದವು. ಎರಡೂವರೆಗೆ ಅವಳು ಕಾರ್ಖಾನೆಯಲ್ಲಿರುತ್ತಾಳೆ. ಸಂಜೆ ಮನೆಗೆ ಬಂದರೆ ಆತ ಅವಳೊಂದಿಗೆ ಆಡುವುದು ಹತ್ತು ಹನ್ನೆರಡು ಮಾತು. ಊಟ ಆಯಿತೇ, ಗುಳಿಗೆ ಎಲ್ಲಿ, ನಾಳೆ ಪಾಳಿ ಎಷ್ಟಕ್ಕೆ. ಆಪರೇಶನ್ ಆದ ಮೇಲೆ ಮನುಷ್ಯ ತನ್ನೊಳಗೆ ತಾನು ಸೇರಿಕೊಂಡುಬಿಟ್ಟ ಎಂದು ಅವಳು ತಿಳಿದಿದ್ದಳು. ಬದುಕಿ ಎದುರಿಗೆ ಕುಳಿತಿದ್ದಾನಲ್ಲ, ಅದೇ ಸಾಕು ಎಂದುಕೊಂಡಿದ್ದಳು. ಹಾಗಿದ್ದರೆ ಈ ಎಂಬತ್ತು ನಿಮಿಷದ ಮಾತು ಯಾರ ಪಾಲಿನದು? ಗಬ್ಬೂರು ಬಂದರೂ ಅವಳು ಏಳಲಿಲ್ಲ. ಕಂಡಕ್ಟರ್ ಕೂಗಿ ಇಳಿಸಬೇಕಾಯಿತು.

ಸಿದ್ಧಾರೂಢ ಕೊರಳಿಗೆ ತೆಳು ಅರಿವೆ ಕಟ್ಟಿಕೊಂಡು ಅವರೆಕಾಯಿ ಸುಲಿಯುತ್ತ ಕುಳಿತಿದ್ದ. ಅವಳು ಲ್ಯಾಪ್‌ಟಾಪನ್ನು ಎದುರಿಗಿಟ್ಟು, ಅದರ ಮೇಲೆ ಹಾಳೆ ಬಿಚ್ಚಿದಳು.

"ಎರಡೂವರಿಗೆ ಯಾರ ಜೋಡಿ ಮಾತಾಡ್ತೀರಿ?"

ಆತ ಹಾಳೆ ನೋಡಿದ, ಅವಳ ಮುಖ ನೋಡಿದ. ಕೈ ಒರೆಸಿಕೊಂಡು ನಿಧಾನವಾಗಿ ಬರೆದ.

"ನಾನು ಆಸ್ಪತ್ರೆಗೆ ಹೋಗುತ್ತೇನೆ" ಎಂದಿತು ಯಂತ್ರ.

ಅವಳ ಕೈ ತಾನಾಗಿ ಆತನ ಕೊರಳಿಗೆ ಹೋಯಿತು. "ಮತ್ತ ಬ್ಯಾನಿ ಚಾಲೂ ಆಗೇತೇನ್ರಿ?"

ಆತ ಇಲ್ಲವೆಂದು ತಲೆಯಾಡಿಸಿ, ಅವಳ ಕೈಯನ್ನು ಅಲ್ಲೇ ಹಿಡಿದುಕೊಂಡು, ಇನ್ನೊಂದು ಕೈಯಿಂದಲೇ ಬರೆದ. ಬಹಳ ಹೊತ್ತು ಹಿಡಿಯಿತು.

"ನನಗಾಗಿ ಅಲ್ಲ. ಹೊಸಬರು ಬರುತ್ತಾರೆ. ದನಿ ಹೋಗುತ್ತದೆ ಎಂದರೆ ಸಾವಿಗಿಂತ ಹೆಚ್ಚು ಹೆದರುತ್ತಾರೆ. ಅವರ ಹತ್ತಿರ ಕುಳಿತುಕೊಳ್ಳುತ್ತೇನೆ. ಮಹಾಂತಯ್ಯನವರು ನೆನಪಿದ್ದಾರೆಯೇ?"

ಮರೆಯುವುದಾದರೂ ಹೇಗೆ? ಆಪರೇಶನ್ನಿನ ಹಿಂದಿನ ದಿನ ಸಿದ್ಧಾರೂಢ ಗೋಡೆಗೆ ಮುಖ ಮಾಡಿ ಮಲಗಿದ್ದಾಗ, ಕೊರಳಿಗೆ ಅರಿವೆ ಕಟ್ಟಿದ ಮುದುಕರೊಬ್ಬರು ಬರೆಯುವ ಪಾಟಿ ಹಿಡಿದು ಬಂದಿದ್ದರು. 'ಆರು ವರ್ಷ ಆಯಿತು. ಉಣ್ಣುತ್ತೇನೆ, ಹೊಲಕ್ಕೆ ಹೋಗುತ್ತೇನೆ, ಮೊಮ್ಮಗಳ ಸಂಗಡ ಜಗಳ ಆಡುತ್ತೇನೆ' ಎಂದು ಬರೆದು ತೋರಿಸಿದ್ದರು. ಮರುದಿನ ಬೆಳಿಗ್ಗೆ ಸಿದ್ಧಾರೂಢ ಆಪರೇಶನ್ನಿನ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದ್ದ. ಅವರು ಯಾವ ಊರಿನವರೆಂದು ಕೇಳುವುದೂ ಆಗಿರಲಿಲ್ಲ.

"ಅವರು ಮತ್ತೆ ಬರಲಿಲ್ಲ. ಉಪಕಾರವಾಯಿತು ಎಂದು ಹೇಳುವುದು ಉಳಿದುಹೋಯಿತು" ಎಂದಿತು ಯಂತ್ರ.

"ನನಗಾದ್ರೂ ಹೇಳಬೇಕಿತ್ತಲ್ರಿ?"

"ಕೊರಳ ತೂತಿಗೆ ಧೂಳು ಹೊಕ್ಕೀತು, ಹೊರಗೆ ತಿರುಗಬೇಡ ಎಂದು ನೀನು ಅಳುತ್ತಿದ್ದೆ." ಆತ ಮತ್ತೆ ಬರೆದ. "ನಾನು ಮಾತಾಡದಿದ್ದರೂ ನಿನಗೆ ತಿಳಿಯುತ್ತದೆ. ಅಲ್ಲಿಯವರಿಗೆ ತಿಳಿಯುವುದಿಲ್ಲ."

ದ್ರಾಕ್ಷಾಯಿಣಿ ಅವರೆಕಾಯಿಯ ಪುಟ್ಟಿಯನ್ನು ತನ್ನ ಕಡೆಗೆ ಎಳೆದುಕೊಂಡು ಸುಲಿಯತೊಡಗಿದಳು. ಕಣ್ಣು ಮಂಜಾಗಿ, ಕಾಳು ಸಿಪ್ಪೆಯ ಜೊತೆಗೆ ಹೋದವು. ಆತ ಅವನ್ನು ಒಂದೊಂದಾಗಿ ಆರಿಸಿ ತೆಗೆದ.

ಸೋಮವಾರ ಅವಳು ಮಧ್ಯಾಹ್ನದ ಮೇಲೆ ರಜೆ ಹಾಕಿ ಆತನ ಜೊತೆಗೆ ಹೊರಟಳು. ವಾರ್ಡಿನ ಬಾಗಿಲಲ್ಲಿ ನರ್ಸ್ ಉಮಾಶ್ರೀ ಇಬ್ಬರನ್ನೂ ನೋಡಿ, "ಬಂದ್ರೇನ್ರಿ ಅಣ್ಣಾರ? ಭಾಳ ಛಲೋ ಆತು" ಎಂದಳು. "ಹೆಬ್ಬಳ್ಳಿಯವ್ರು ಒಬ್ರು ಅದಾರ, ದ್ಯಾಮಣ್ಣ ಅಂತ. ನಾಳೆ ಆಪರೇಶನ್ ಐತಿ. ಸಹಿ ಮಾಡವಲ್ಲರು. ಮನಿಗೆ ಹೊಂಟು ಚೀಲಾ ಕಟ್ಟಾಕತ್ತಾರ."

ದ್ಯಾಮಣ್ಣ ಹಾಸಿಗೆಯ ಅಂಚಿಗೆ ಕುಳಿತಿದ್ದ. ಹೆಂಡತಿ ಫಕೀರವ್ವ ಚೀಲದ ಬಾಯಿ ಹಿಡಿದುಕೊಂಡು, ಕಟ್ಟಲೂ ಆಗದೆ ಬಿಡಲೂ ಆಗದೆ ನಿಂತಿದ್ದಳು. ಸಿದ್ಧಾರೂಢ ಸ್ಟೂಲು ಎಳೆದು ಕುಳಿತು, ಲ್ಯಾಪ್‌ಟಾಪನ್ನು ತೊಡೆಯ ಮೇಲೆ ಇಟ್ಟುಕೊಂಡ. ಯಂತ್ರದ ಹೆಣ್ಣುದನಿ ಕೇಳಿ ಸುತ್ತಲಿನ ಹಾಸಿಗೆಯವರೆಲ್ಲ ತಿರುಗಿದರು. ತಾನು ಹೇಗೆ ಉಣ್ಣುತ್ತೇನೆ, ಹೇಗೆ ಜಳಕ ಮಾಡುತ್ತೇನೆ, ಕೆಮ್ಮು ಬಂದರೆ ಏನು ಮಾಡುತ್ತೇನೆ ಎಂದು ಆತ ಒಂದೊಂದೇ ಹೇಳಿದ. ಮಗ್ಗುಲ ಹಾಸಿಗೆಯವರೂ ಪ್ರಶ್ನೆ ಕೇಳಿದರು. ತಾಸಿನ ಮೇಲಾಯಿತು. ದ್ಯಾಮಣ್ಣ ಎಲ್ಲ ಕೇಳಿಸಿಕೊಂಡು, ಒಡೆದ ದನಿಯಲ್ಲಿ ಒಂದೇ ಮಾತು ಆಡಿದ.

"ಉಣ್ಣೂದು ಖರೇರಿ. ನನ್ನ ಎತ್ತು ನನ್ನ ದನಿ ಕೇಳಿದ್ರ ಹೊಲದ ಆ ತುದ್ಯಾಗಿಂದ ತಿರುಗತಾವ. ಮೂಕ ಆಗಿ ಅವನ್ನ ಹೆಂಗ ಕರೀಲಿ? ಈಕಿನ್ನ ಹೆಂಗ ಕರೀಲಿ?"

ಸಿದ್ಧಾರೂಢ ಬರೆಯಲು ಹಿಡಿದ. "ನಾನೂ ಮೊದಲು ಹೀಗೆಯೇ ಕೇಳಿದ್ದೆ. ಆದರೆ" ಎಂದಿತು ಯಂತ್ರ. ಅಷ್ಟಕ್ಕೆ ಪರದೆ ಕಪ್ಪಾಯಿತು.

ಆತ ಗುಂಡಿ ಒತ್ತಿದ, ಮತ್ತೊಮ್ಮೆ ಒತ್ತಿದ. ಹಾಸಿಗೆಯ ಪಕ್ಕದ ಪ್ಲಗ್ಗಿನಲ್ಲಿ ಬೇರೊಬ್ಬ ರೋಗಿಯ ಯಂತ್ರವಿತ್ತು. ದ್ಯಾಮಣ್ಣ ಕಪ್ಪು ಪರದೆಯನ್ನು ನೋಡಿ, ನಾನು ಹೇಳಿದ್ದು ಇದನ್ನೇ ಎಂಬಂತೆ ಕಣ್ಣು ಮುಚ್ಚಿದ. ಸಿದ್ಧಾರೂಢ ಹೆಂಡತಿಯ ಕಡೆಗೆ ತಿರುಗಿ, ಸದ್ದಿಲ್ಲದ ತುಟಿಗಳನ್ನು ಆಡಿಸಿದ.

ದ್ರಾಕ್ಷಾಯಿಣಿ ಹತ್ತಾರು ಮಂದಿಯ ಎದುರಿಗೆ ಎಂದೂ ಬಾಯಿ ತೆರೆದವಳಲ್ಲ. ಗಂಡನ ತುಟಿ ನೋಡುತ್ತ ನೋಡುತ್ತ ಶುರು ಮಾಡಿದಳು.

"ಎತ್ತು ಬರೇ ದನಿ ಕೇಳಂಗಿಲ್ಲ ಅಂತಾರ್ರಿ ಇವರು. ಹೆಜ್ಜಿ ಸಪ್ಪಳ ಕೇಳತಾವಂತ. ಚಪ್ಪಾಳಿ ತಟ್ಟಿ ರೂಢಿ ಮಾಡ್ರಿ, ಹದಿನೈದು ದಿನದಾಗ ತಿರುಗತಾವ ಅಂತಾರ." ಸಿದ್ಧಾರೂಢನ ತುಟಿ ನಿಂತಿತು. ಅವಳು ನಿಲ್ಲಲಿಲ್ಲ. "ಇನ್ನ ನಿಮ್ಮ ಮನಿಯಾಕಿ ಮಾತು ನಾ ಹೇಳ್ತೇನಿ. ಮದಲ ಒಂದು ತಿಂಗಳು ಇವರ ತುಟಿ ನೋಡಿದ್ರ ನನಗೂ ಏನೂ ತಿಳೀಲಿಲ್ರಿ ಅಣ್ಣಾರ. ಇವರು ಸಿಟ್ಟಾಗೋರು, ನಾ ಅಳಾಕಿ. ಆಮ್ಯಾಲ ತಾನ ತಿಳಿಯಾಕತ್ತು. ಇಪ್ಪತ್ತಾರು ವರ್ಷ ಊರಿಗೆಲ್ಲಾ ಕೇಳಿಸಿದ ದನಿ ಅದು. ನನಗೂ ಭಾಳ ಸೇರತಿತ್ತು. ಆದ್ರ ಇವತ್ತು ಮನ್ಯಾಗ ಇವರು ಅದಾರಲ್ರಿ. ಸಂಜೀಕ ಹೋದ್ರ ಬಾಗಲಾ ತಗೀತಾರ. ನನಗ ಅಷ್ಟ ಬೇಕಾಗಿತ್ತು."

ಸಿದ್ಧಾರೂಢ ಲ್ಯಾಪ್‌ಟಾಪಿನ ಮುಚ್ಚಳ ಇಳಿಸಿ, ಅದರ ಮೇಲೆ ಎರಡೂ ಅಂಗೈ ಇಟ್ಟು, ಹೆಂಡತಿಯನ್ನೇ ನೋಡುತ್ತಿದ್ದ. ಅವಳಿಗೆ ನಾಚಿಕೆಯಾಗಿ ಸೆರಗು ಸರಿಮಾಡಿಕೊಂಡಳು.

ದ್ಯಾಮಣ್ಣ ಕಣ್ಣು ತೆರೆದು, ಫಕೀರವ್ವನ ಕಡೆಗೆ ತಿರುಗಿ, ದನಿ ಹೊರಡಿಸದೆ, ತುಟಿಗಳನ್ನು ಮಾತ್ರ ಆಡಿಸಿದ. ಅವಳು ಹುಬ್ಬು ಗಂಟಿಕ್ಕಿ ನೋಡಿದಳು. ಆತ ಮತ್ತೊಮ್ಮೆ ಆಡಿಸಿದ. "ನೀರು ಬೇಕೇನ್ರಿ?" ಎಂದು ಫಕೀರವ್ವ ಕೈಯಲ್ಲಿದ್ದ ಚೀಲವನ್ನು ನೆಲಕ್ಕೆ ಬಿಟ್ಟು, ಕಿಟಕಿಯ ಕಟ್ಟೆಯ ಮೇಲಿದ್ದ ತಂಬಿಗೆ ತೆಗೆದುಕೊಂಡು, ಲೋಟಕ್ಕೆ ನೀರು ಬಗ್ಗಿಸತೊಡಗಿದಳು.