ನಿಧಾನಪ್ಪನ ಸೈಕಲ್ಲು

ಬಲಗೆನ್ನೆ ಮುಗಿಸಿ ಕತ್ತಿಯನ್ನು ಟವೆಲಿಗೆ ಒರೆಸಿಕೊಳ್ಳುತ್ತಿದ್ದಾಗ ಕ್ಷೌರದಂಗಡಿಯವನಿಗೆ ಕಿಟಕಿಯಲ್ಲಿ ಹಲ್ಲಿನ ಡಾಕ್ಟರು ಕಂಡರು. ಅವರು ಸೈಕಲ್ಲನ್ನು ಗೇಟಿನೊಳಗೆ ತಳ್ಳಿಕೊಂಡು ಬಂದು, ಅತ್ತ ಇತ್ತ ನೋಡಿ, ನೀರಿನ ಡ್ರಮ್ಮಿನ ಹಿಂದೆ ಒರಗಿಸುತ್ತಿದ್ದರು. ಅದು ಅವರ ಎಂದಿನ ಸೈಕಲ್ ಅಲ್ಲ.

"ನೋಡಿದ್ಯಾ ಅಣ್ಣ," ಎಂದ ಅವನು, ಮಂಚದ ಮೇಲೆ ಮಲಗಿದ್ದವರ ಮುಖಕ್ಕೆ ಬಾಗಿ. "ಡಾಕ್ಟ್ರು ಏನೋ ಬಚ್ಚಿಡ್ತಿದಾರೆ."

ಅಣ್ಣ ಉತ್ತರ ಕೊಡಲಿಲ್ಲ. ಹಿಂದಿನ ದಿನ ಮಧ್ಯಾಹ್ನ, ಪಂಪ್ ರಿಪೇರಿ ವರ್ಕ್‌ಶಾಪಿನಲ್ಲಿ ಲೇತ್ ನಿಲ್ಲಿಸಿ ಟೀ ಲೋಟ ಹಿಡಿದು ಸ್ಟೂಲಿನ ಮೇಲೆ ಕೂತವರು ಹಾಗೇ ಗೋಡೆಗೆ ಒರಗಿದ್ದರು. ಜೊತೆಯವರು ಅಲುಗಿಸಿ ನೋಡುವಷ್ಟರಲ್ಲಿ ಎಲ್ಲ ಮುಗಿದಿತ್ತು. ಲೋಟ ಮಾತ್ರ ಕೈಯಲ್ಲೇ ಇತ್ತು, ಒಂದು ಹನಿ ಚೆಲ್ಲಿರಲಿಲ್ಲ. ಸುದ್ದಿ ಕೇಳಿದ ಕ್ಷೌರದಂಗಡಿಯವ, "ಹೋಗೋವಾಗ್ಲೂ ಬ್ಯಾಲೆನ್ಸ್ ತಪ್ಪಲಿಲ್ಲ ನೋಡಿ ನಮ್ಮ ನಿಧಾನಪ್ಪ" ಅಂದಿದ್ದ. ಅಂದವನೇ ಅಂಗಡಿಯ ಕನ್ನಡಿಗಳ ನಡುವೆ ನಿಂತು ಗೋಳೋ ಎಂದು ಅತ್ತಿದ್ದ.

ಎಡಗೆನ್ನೆಯನ್ನೂ ನುಣ್ಣಗೆ ಮಾಡಿ, ಮೀಸೆ ತಿದ್ದಿ, ಅವನು ಬಟ್ಟಲು ತೊಳೆಯುವ ನೆಪದಲ್ಲಿ ಅಂಗಳಕ್ಕೆ ಬಂದ. ಬಡಗಿಯೂ ಅಲ್ಲಿದ್ದ. ರಾತ್ರಿಯೆಲ್ಲ ಕೂತು ಶವಪೆಟ್ಟಿಗೆ ಮಾಡಿ ತಂದಿದ್ದ. ಅದರಲ್ಲಿ ಒಂದು ಮೊಳೆಯನ್ನೂ ಹೊಡೆದಿರಲಿಲ್ಲ, ಎಲ್ಲ ಬರೀ ಜೋಡಣೆ.

"ಡಾಕ್ಟ್ರೇ, ನಿಮ್ಮ ಹಗುರದ ಕಾರ್ಬನ್ ಸೈಕಲ್ ಎಲ್ಲಿ?" ಎಂದ ಕ್ಷೌರದಂಗಡಿಯವ.

"ಮನೇಲಿದೆ."

"ಮತ್ತೆ ಡ್ರಮ್ಮಿನ ಹಿಂದೆ ಇರೋದು?"

ಡಾಕ್ಟರ ಮುಖ ಕೆಂಪಾಯಿತು. "ಅದು ಹೊಸದು. ಕದ್ದು ಮುಚ್ಚಿ ಮಾಡಿಸಿದ್ದು. ಬರೋ ಭಾನುವಾರ ತಂದು ನಿಧಾನಪ್ಪನವ್ರನ್ನ ಸೋಲಿಸಬೇಕು ಅಂತಿದ್ದೆ. ಇವತ್ತು ಅದ್ರಲ್ಲೇ ಬರೋಣ ಅನ್ನಿಸ್ತು. ತಪ್ಪಾಯ್ತಾ?"

ಬಡಗಿ ಗೋಡೆಯ ಬದಿಗೆ ಹೋಗಿ ಅಲ್ಲಿ ಮುಚ್ಚಿದ್ದ ಗೋಣಿತಟ್ಟನ್ನು ಎಳೆದ. ಮರದ ಚೌಕಟ್ಟಿನ ಸೈಕಲ್ ಹೊರಬಿತ್ತು. ಉದ್ದಕ್ಕೆ, ಕುಳ್ಳಗೆ, ನೆಲಕ್ಕೆ ಅಂಟಿಕೊಂಡ ಹಾಗೆ ಇತ್ತು. "ನಾನೂ ಅದಕ್ಕೇ," ಎಂದ. "ಸೀಟು ಎಷ್ಟು ಕೆಳಗಿದ್ರೆ ಅಷ್ಟು ಗಟ್ಟಿ ನಿಲ್ಲುತ್ತೆ ಅಂತ ಲೆಕ್ಕ."

"ಥೂ ನಿಮ್ಮ!" ಎಂದು ಕ್ಷೌರದಂಗಡಿಯವ ಗೇಟಿನಾಚೆ ಓಡಿ ತನ್ನದನ್ನು ಓರೆ ಮಾಡಿ ತೂರಿಸಿಕೊಂಡು ತಂದ. ಅದರ ಹ್ಯಾಂಡಲ್ ಹೋರಿಯ ಕೊಂಬಿನಷ್ಟು ಅಗಲ. "ಗೇಟಲ್ಲಿ ತೂರಲ್ಲ ಅಂತ ಆಚೆ ಬಿಟ್ಟಿದ್ದೆ. ಹ್ಯಾಂಡಲ್ ಅಗಲ ಇದ್ರೆ ನಿಧಾನಕ್ಕೆ ಹೋದ್ರೂ ಓಲಾಡಲ್ಲ. ಹಿಡಿದು ನೋಡಿ."

"ಅಗಲ ಇದ್ರೆ ಏನು ಬಂತು? ಗೇರ್ ನೋಡಿ ನನ್ನದು," ಎಂದರು ಡಾಕ್ಟರು. ಅವರ ಹಿಂದಿನ ಹಲ್ಲುಚಕ್ರ ತಟ್ಟೆಯಷ್ಟು ದೊಡ್ಡದು, ಮುಂದಿನದು ಬಟ್ಟಲಿನಷ್ಟು ಚಿಕ್ಕದು. "ಎಷ್ಟು ತುಳಿದ್ರೂ ಮುಂದಕ್ಕೇ ಹೋಗಲ್ಲ!"

"ತೂಕ ಮೇಲಿದೆ ಡಾಕ್ಟ್ರೇ. ಗಾಳಿ ಬಂದ್ರೆ ಬೀಳ್ತೀರಿ," ಎಂದ ಬಡಗಿ.

"ನಿಂದು ಕಟ್ಟಿಗೆ. ತೇವಕ್ಕೆ ಊದಿಕೊಂಡ್ರೆ?"

ಸಾವಿನ ಮನೆ ಅನ್ನುವುದು ಮೂವರಿಗೂ ಮರೆತೇಹೋಯಿತು. ಬಗ್ಗಿ ಬಗ್ಗಿ ನೋಡಿದರು, ಚೈನ್ ಎಳೆದರು, ಪೆಡಲ್ ತಿರುಗಿಸಿದರು, ದನಿ ಏರಿಸಿದರು. ತಲೆ ಎತ್ತಿದಾಗ ಬಾಗಿಲಲ್ಲಿ ನಿಧಾನಪ್ಪನವರ ಹೆಂಡತಿ ನಿಂತಿದ್ದರು.

*

ನಿಧಾನಪ್ಪನವರ ಎಡಗಾಲು ಬಲಗಾಲಿಗಿಂತ ಗಿಡ್ಡ, ಹುಟ್ಟಿನಿಂದಲೇ. ಮದುವೆಯಾದ ಹೊಸತರಲ್ಲಿ ಗಂಡ ಹೆಂಡತಿ ಬೆಳಿಗ್ಗೆ ಕೆಲಸಕ್ಕೆ ಒಟ್ಟಿಗೆ ಹೊರಡುತ್ತಿದ್ದರು, ಒಟ್ಟಿಗೆ ತಲುಪುತ್ತಿರಲಿಲ್ಲ. ಆಕೆಗೆ ಹೋಟೆಲೊಂದರ ಲಾಂಡ್ರಿಯಲ್ಲಿ ಕೆಲಸ, ವರ್ಕ್‌ಶಾಪಿನ ದಾರಿಯಲ್ಲೇ. ಅವರು ಕುಂಟುತ್ತ ನಡೆದರೆ ಆಕೆಯ ಹಿಂದೆ ಉಳಿಯುತ್ತಿದ್ದರು, ಸೈಕಲ್ ಹತ್ತಿದರೆ ಮುಂದೆ ಹೋಗಿಬಿಡುತ್ತಿದ್ದರು. ಚಿಕ್ಕಂದಿನಲ್ಲಿ ತನ್ನಣ್ಣನ ಸೈಕಲ್ಲಿನಿಂದ ಬಿದ್ದು ಮಂಡಿ ಒಡೆದುಕೊಂಡಿದ್ದ ಆಕೆ ಕ್ಯಾರಿಯರ್ ಮೇಲೆ ಕೂರಲು ಸುತರಾಂ ಒಪ್ಪಲಿಲ್ಲ.

"ಮಾತಾಡೋಕೆ ಮನೆ ಇದೆಯಲ್ಲ," ಅಂದರು ಆಕೆ.

"ಮನೇಲಿ ನಮ್ಮಮ್ಮ ಇರ್ತಾಳೆ, ನಿಮ್ಮಮ್ಮ ಇರ್ತಾರೆ, ಎದುರುಮನೆಯವರ ಕಿವಿ ಇರುತ್ತೆ. ನಮ್ಮದು ಅಂತ ಇರೋದು ಆ ದಾರಿ ಒಂದೇ."

ಕೆಲಸ ಮುಗಿದ ಮೇಲೆ ಅವರು ಲೇತ್ ಮುಂದೆ ನಿಂತರು. ಎಲ್ಲರೂ ಓಡುವ ಸೈಕಲ್ ಮಾಡಿಕೊಳ್ಳುವಾಗ ಅವರು ತೆವಳುವ ಸೈಕಲ್ ಮಾಡಲು ಹೊರಟಿದ್ದರು. ಹಿಂದಕ್ಕೆ ದೊಡ್ಡ ಹಲ್ಲುಚಕ್ರ ಕಡೆದರು. ಗಿಡ್ಡ ಕಾಲಿಗೆ ಎಟುಕುವಂತೆ ಎಡಪೆಡಲಿಗೆ ಮರದ ಚಿಕ್ಕ ದಿಮ್ಮಿ ಕೂರಿಸಿದರು. ಮೊದಲ ಸಲ ಮೋರಿಗೆ ಬಿದ್ದರು. ಎರಡನೆಯ ಸಲ ತರಕಾರಿ ಗಾಡಿಯ ಮೇಲೆ ಬಿದ್ದರು. ಕೊನೆಗೆ, ಪೆಡಲ್ ನಿಂತರೂ ಚಕ್ರ ಉರುಳಲು ಬಿಡುವ ಫ್ರೀವೀಲನ್ನು ಕಿತ್ತೆಸೆದು ಚಕ್ರವನ್ನೂ ಪೆಡಲನ್ನೂ ಒಂದಕ್ಕೊಂದು ಕಟ್ಟಿಹಾಕಿದರು. ಈಗ ಪೆಡಲನ್ನು ಕೂದಲೆಳೆಯಷ್ಟು ಹಿಂದಕ್ಕೆ ಒತ್ತಿದರೆ ಸೈಕಲ್ಲೂ ಅಷ್ಟೇ ಹಿಂದಕ್ಕೆ ಸರಿಯುತ್ತಿತ್ತು.

ಮರುದಿನ ದಾರಿಯುದ್ದಕ್ಕೂ ಹೆಂಡತಿಯ ಪಕ್ಕದಲ್ಲೇ ಹೋದರು. ಪರೀಕ್ಷೆ ಮಾಡಲೆಂದೇ ಆಕೆ ಪಾತ್ರೆ ಅಂಗಡಿಯ ಮುಂದೆ ನಿಂತುಬಿಟ್ಟರು.

"ಇಳೀರಿ. ನಾನು ಪಾತ್ರೆ ನೋಡ್ಬೇಕು."

"ನೋಡು. ನಿಧಾನಕ್ಕೆ ನೋಡು. ನಾನಂತೂ ಇಳಿಯಲ್ಲ."

ಇಳಿಯಲಿಲ್ಲ. ಆಕೆ ಒಳಗಿದ್ದಷ್ಟು ಹೊತ್ತೂ, ಎರಡು ಕಾಲೂ ಪೆಡಲಿನ ಮೇಲೆ, ಮುಖದ ತುಂಬ ನಗು.

*

"ಅಕ್ಕಾ, ತಪ್ಪಾಯ್ತು," ಎಂದ ಬಡಗಿ, ಗೋಣಿತಟ್ಟನ್ನು ಮತ್ತೆ ಹೊದಿಸಲು ಹೋಗುತ್ತ.

"ಮುಚ್ಚಬೇಡ, ಇರು." ಆಕೆ ಮೆಟ್ಟಿಲಿಳಿದು ಬಂದು ಮೂರೂ ಸೈಕಲ್ಲುಗಳನ್ನು ಒಂದೊಂದಾಗಿ ನೋಡಿದರು. ಅತ್ತು ಅತ್ತು ಕಣ್ಣು ಬಾತಿದ್ದವು. "ಅವರಿಗೆ ಗೊತ್ತಿತ್ತು, ನೀವು ಮೂರೂ ಜನ ಮಾಡಿಸ್ತಿದೀರಿ ಅಂತ. ಡಾಕ್ಟ್ರೇ, ಈ ಹಲ್ಲುಚಕ್ರ ಕಡೆದಿದ್ದು ಯಾರು ಅನ್ಕೊಂಡ್ರಿ?"

"ನಾನು ಪಂಪಿಗೆ ಬೇಕು ಅಂತ ಹೇಳಿ, ಬೇರೆಯವರ ಕೈಲಿ ವರ್ಕ್‌ಶಾಪಿಗೆ ಅಳತೆ ಕಳಿಸಿದ್ದೆನಲ್ಲಮ್ಮ!"

"ಯಾವ ಪಂಪಿಗೆ ಸೈಕಲ್ ಚೈನ್ ಹಾಕ್ತಾರೆ?" ಅವರ ತುಟಿ ಒಂದು ಕ್ಷಣ ಸೊಟ್ಟಗಾಯಿತು, ನಗುವೋ ಅಳುವೋ ತಿಳಿಯಲಿಲ್ಲ. "ಊಟಕ್ಕೆ ಕೂತು ನಕ್ಕಿದ್ದೇ ನಕ್ಕಿದ್ದು. 'ಹಲ್ಲು ಚೆನ್ನಾಗಿ ಉಜ್ಜಿ ಕೊಟ್ಟಿದೀನಿ ಕಣೆ, ಡಾಕ್ಟ್ರು ಒಳ್ಳೇ ಪೈಪೋಟಿ ಕೊಡ್ಲಿ, ಸುಲಭಕ್ಕೆ ಗೆದ್ರೆ ಏನು ಮಜಾ' ಅಂದ್ರು. ಭಾನುವಾರಕ್ಕೆ ಕಾಯ್ತಿದ್ರು."

ಡಾಕ್ಟರು ಕನ್ನಡಕ ತೆಗೆದು ಒರೆಸಿಕೊಂಡರು.

"ಸ್ಮಶಾನದ ತನಕ ನಾನು ನಡೆದೇ ಬರ್ತೀನಿ," ಎಂದರು ಆಕೆ. "ವ್ಯಾನು ನನ್ನ ಮುಂದೆ ಇರಲಿ. ನೀವು ಹಿಂದೆ ಸೈಕಲ್ ಮೇಲೆ ಬನ್ನಿ. ನನ್ನ ದಾಟೋ ಹಾಗಿಲ್ಲ, ಕಾಲು ನೆಲಕ್ಕಿಡೋ ಹಾಗಿಲ್ಲ. ಇಟ್ಟೋರು ಸೋತ ಹಾಗೆ."

"ಅಕ್ಕಾ... ಇವತ್ತಾ?"

"ಇನ್ಯಾವತ್ತು? ನಾಳೆ ಅವರು ಇರ್ತಾರಾ?"

ಒಳಗಿನಿಂದ ಮಗಳು ಬಂದಳು. ಸಿಟಿ ಬಸ್ಸಿನ ಡ್ರೈವರ್. ಸುದ್ದಿ ಬಂದಾಗ ಕೆಲಸದ ಮೇಲಿದ್ದವಳು. ಇನ್ನೂ ಅದೇ ಯೂನಿಫಾರಂ ಅಂಗಿಯಲ್ಲಿದ್ದಳು. "ಅಪ್ಪನ ಪರವಾಗಿ ಯಾರು?" ಎಂದಳು. ಯಾರೂ ಉತ್ತರಿಸುವ ಮೊದಲೇ ಹಿತ್ತಲಿಗೆ ಹೋಗಿ ಅಪ್ಪನ ಸೈಕಲ್ಲನ್ನು ತಳ್ಳಿಕೊಂಡು ಬಂದಳು.

ಹತ್ತಿ ಕೂತಾಗ ಎಡಮಂಡಿ ಹೊಟ್ಟೆಗೆ ತಗಲಿತು. ಪೆಡಲಿನ ದಿಮ್ಮಿ ಅವಳಿಗೆ ಅಡ್ಡ. "ಹೀಗೇ ಓಡಿಸ್ತೀನಿ," ಎಂದಳು ಹಲ್ಲು ಕಚ್ಚಿ. "ಅಪ್ಪ ಮಾಡಿದ್ದು."

"ಹುಚ್ಚಿ, ಬಿಚ್ಚಿಸು," ಎಂದರು ತಾಯಿ. "ಅದು ಅವರ ಕಾಲಿಗೆ ಮಾಡಿದ್ದು. ನಿಂದು ನಿನ್ನ ಕಾಲು."

ಬಡಗಿ ಮಂಡಿಯೂರಿ ಸ್ಕ್ರೂ ಬಿಚ್ಚಿದ. ಅಷ್ಟು ವರ್ಷ ತುಳಿಸಿಕೊಂಡು ನಡುವೆ ತಗ್ಗು ಬಿದ್ದಿದ್ದ ಆ ದಿಮ್ಮಿಯನ್ನು ತಾಯಿ ಇಸಿದುಕೊಂಡು ಒಳಗೆ ಹೋಗಿ ಗಂಡನ ಎಡಗಾಲಿನ ಕೆಳಗೆ ಇಟ್ಟರು.

*

ನಿಧಾನಪ್ಪ ಎಂಬ ಅಡ್ಡಹೆಸರು ಬಂದದ್ದು ಒಂದು ಭಾನುವಾರ, ಮುಚ್ಚಿಹೋದ ಚಿತ್ರಮಂದಿರದ ಮುಂದೆ. ಊರಿನ ಸೈಕಲ್ ಹುಚ್ಚಿನವರೆಲ್ಲ ವಾರಕ್ಕೊಮ್ಮೆ ಅಲ್ಲಿ ಸೇರಿ ತಮ್ಮ ತಮ್ಮ ಸೈಕಲ್ಲಿನ ಗುಣಗಾನ ಮಾಡುತ್ತಿದ್ದರು. ಡಾಕ್ಟರು ತಮ್ಮದನ್ನು ಒಂದೇ ಬೆರಳಲ್ಲಿ ಎತ್ತಿ ತೋರಿಸಿದರು. ಬಡಗಿ ತನ್ನದನ್ನು ತಟ್ಟಿ ಮರದ ಸದ್ದು ಕೇಳಿಸಿದ. ಕ್ಷೌರದಂಗಡಿಯವ, "ಇದರ ಹೊಳಪಲ್ಲಿ ಮುಖ ನೋಡ್ಕೊಂಡು ಗಡ್ಡ ಮಾಡ್ಬೋದು" ಎಂದ. ಆಮೇಲೆ, ಬದಿಯಲ್ಲಿ ನಿಂತಿದ್ದ ಲೇತ್ ಕೆಲಸದವರನ್ನು ಕೇಳಿದ: "ನಿಮ್ಮದೇನಣ್ಣ ವಿಶೇಷ?"

"ನಂದಾ? ಇಷ್ಟು ನಿಧಾನದ ಸೈಕಲ್ ಈ ಊರಲ್ಲಿ ಇನ್ನೊಂದಿಲ್ಲ."

ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು.

"ನಗ್ರಪ್ಪ, ನಗ್ರಿ. ಆ ದೀಪದ ಕಂಬದ ತನಕ ಬನ್ನಿ ನೋಡೋಣ. ಕೊನೆಗೆ ಬಂದೋನು ಗೆದ್ದ, ಕಾಲೂರಿದೋನು ಸೋತ."

ಉಳಿದವರೆಲ್ಲ ಒಬ್ಬೊಬ್ಬರಾಗಿ ಕಾಲೂರಿದರು. ಅವರು ಇನ್ನೂ ಅರ್ಧ ದಾರಿಗೂ ಬಂದಿರಲಿಲ್ಲ. ಕಂಬದ ಕಡೆ ನೋಡುತ್ತ, ಏನೋ ಗುನುಗುತ್ತ ಬರುತ್ತಿದ್ದರು. ಗೆದ್ದು ಸುಮ್ಮನಿರುವ ಆಸಾಮಿಯೂ ಅಲ್ಲ. ವಾರವಿಡೀ ವರ್ಕ್‌ಶಾಪಿಗೆ ಬಂದವರಿಗೆಲ್ಲ ಹೇಳಿಕೊಂಡರು. ಮುಂದಿನ ಭಾನುವಾರ ಮತ್ತೆ ಗೆದ್ದರು, ಮತ್ತೆ ಹೇಳಿಕೊಂಡರು. ಅವರನ್ನು ಸೋಲಿಸಿದವರು ಯಾರೂ ಹುಟ್ಟಲೇ ಇಲ್ಲ.

*

"ಅಮ್ಮಾ, ಇಷ್ಟು ನಿಧಾನಕ್ಕೆ ಹೋದ್ರೆ ಇಂಜಿನ್ ಬಿಸಿಯಾಗಿ ನಿಂತೋಗುತ್ತೆ," ಎಂದ ಶವದ ವ್ಯಾನಿನ ಚಾಲಕ.

"ಮೊದಲ ಗೇರಲ್ಲಿ ಬಿಡಿ, ಆಕ್ಸಿಲರೇಟರ್ ಮುಟ್ಟಬೇಡಿ. ಏನೂ ಆಗಲ್ಲ," ಎಂದಳು ಮಗಳು. "ನಾನು ದಿನಾ ಟ್ರಾಫಿಕ್ಕಲ್ಲಿ ಇದಕ್ಕಿಂತ ನಿಧಾನ ಹೋಗ್ತೀನಿ."

ವ್ಯಾನು ಹೊರಟಿತು. ಅದರ ಹಿಂದೆ ತಾಯಿ, ತಾಯಿಯ ಪಕ್ಕದಲ್ಲಿ ಮಗಳು, ಅವರ ಹಿಂದೆ ಮೂವರು. ಮಗಳ ಕಾಲು ಗಿರಗಿರ ತಿರುಗುತ್ತಿತ್ತು, ಸೈಕಲ್ ಮಾತ್ರ ತಾಯಿಯ ಹೆಜ್ಜೆಗಿಂತ ಒಂದಿಷ್ಟೂ ಮುಂದೆ ಹೋಗಲಿಲ್ಲ.

ಬಡಗಿ ಮೊದಲ ತಿರುವಿನಲ್ಲೇ ಜಲ್ಲಿಕಲ್ಲಿಗೆ ಸಿಕ್ಕಿ ಕಾಲೂರಿದ. "ರಸ್ತೆ ಸರಿಯಿಲ್ಲ, ಸೈಕಲ್ಲಿಂದೇನೂ ತಪ್ಪಿಲ್ಲ," ಎನ್ನುತ್ತ ತಳ್ಳಿಕೊಂಡು ನಡೆದ. ಕ್ಷೌರದಂಗಡಿಯವ ಚೆನ್ನಾಗಿಯೇ ಬರುತ್ತಿದ್ದ. ಆದರೆ ಯಾರೋ ಗಿರಾಕಿ ದೂರದಿಂದ ಕೈಯೆತ್ತಿದ, ಇವನೂ ಅಭ್ಯಾಸಬಲದಿಂದ ಕೈಯೆತ್ತಿದ, ಕೊಂಬಿನಂಥ ಹ್ಯಾಂಡಲ್ ಒಂದು ಕಡೆ ತಿರುಗಿಕೊಂಡಿತು.

ಬೀದಿಯ ಜನ ಮೊದಲು ಸುಮ್ಮನೆ ಟೋಪಿ ತೆಗೆದು ನಿಂತರು. ಆಮೇಲೆ ಒಬ್ಬೊಬ್ಬರಿಗೇ ಏನು ನಡೆಯುತ್ತಿದೆ ಎಂದು ಹೊಳೆಯಿತು. ಟೈರ್ ಅಂಗಡಿಯವನು ಒಮ್ಮೆ ಚಪ್ಪಾಳೆ ತಟ್ಟಿ, ನಾಚಿ ಕೈ ಕಟ್ಟಿಕೊಂಡ. ತಾಯಿ ಅವನ ಕಡೆ ನೋಡಿ ತಲೆಯಾಡಿಸಿದರು. ಅಷ್ಟೇ ಸಾಕಾಯಿತು. ಚಪ್ಪಾಳೆ ಅಂಗಡಿಯಿಂದ ಅಂಗಡಿಗೆ ಹಬ್ಬಿತು. ವರ್ಕ್‌ಶಾಪಿನ ಮುಂದೆ ಬಂದಾಗ ಮಷೀನುಗಳೆಲ್ಲ ನಿಂತವು. ಗ್ರೀಸಿನ ಕೈಯವರು ಸಾಲಾಗಿ ಹೊರಗೆ ಬಂದು, ಹಿಡಿದಿದ್ದ ಸ್ಪ್ಯಾನರುಗಳಿಂದ ಹಳೆಯ ಪಂಪುಗಳ ಮೇಲೆ ಬಡಿಯತೊಡಗಿದರು. ಕಬ್ಬಿಣದ ಆ ಸದ್ದಿಗೆ ಮನೆಮನೆಯ ಕಿಟಕಿ ತೆರೆದವು. ಮಗಳ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು. ಒರೆಸಿಕೊಳ್ಳಲು ಕೈ ಬಿಡುವ ಹಾಗಿರಲಿಲ್ಲ.

ಊರಾಚೆ ರೈಲ್ವೆ ಗೇಟು ಬಿತ್ತು. ವ್ಯಾನು ನಿಂತಿತು. ತಾಯಿ ನಿಂತರು. ಉಳಿದಿದ್ದವು ಎರಡೇ ಸೈಕಲ್ಲು, ಮಗಳದು ಮತ್ತು ಡಾಕ್ಟರದು. ಈಗ ಹೋಗುವ ಹಾಗಿಲ್ಲ, ಇಳಿಯುವ ಹಾಗೂ ಇಲ್ಲ.

ಗೂಡ್ಸ್ ಗಾಡಿ ಬಂತು. ಡಬ್ಬಿಯ ಹಿಂದೆ ಡಬ್ಬಿ, ಮುಗಿಯುವ ಲಕ್ಷಣವೇ ಇಲ್ಲ. ನೆಲ ನಡುಗುತ್ತಿತ್ತು. ಮಗಳು ಮುಂದಿನ ಚಕ್ರವನ್ನು ಓರೆ ಮಾಡಿ, ಪೆಡಲನ್ನು ಕೂದಲೆಳೆಯಷ್ಟು ಹಿಂದೆ, ಕೂದಲೆಳೆಯಷ್ಟು ಮುಂದೆ ಒತ್ತುತ್ತಿದ್ದಳು. ಡಾಕ್ಟರೂ ಏನೂ ಕಡಿಮೆಯಿರಲಿಲ್ಲ. ಬೆವರು ಕನ್ನಡಕದ ಮೇಲೆ ಇಳಿದರೂ ಅಲ್ಲಾಡದೆ ನಿಂತಿದ್ದರು.

"ಮಗಳೇ, ಸುಸ್ತಾಯ್ತಾ?" ಎಂದು ಕೂಗಿದರು.

"ಇಲ್ಲ ಡಾಕ್ಟ್ರೇ. ನಿಮ್ಮ ಕ್ಲಿನಿಕ್ಕಲ್ಲಿ ಕಾಯೋದಕ್ಕಿಂತ ಇದು ಸುಲಭ!"

ಡಾಕ್ಟರು ನಕ್ಕರು. ತಡೆಯಲು ನೋಡಿದರು, ಆಗಲಿಲ್ಲ. ನಗು ಹೊಟ್ಟೆಯಿಂದ ಭುಜಕ್ಕೆ, ಭುಜದಿಂದ ಹ್ಯಾಂಡಲಿಗೆ ಬಂತು. ಅವರ ಬೂಟು ನೆಲ ಮುಟ್ಟಿತು. "ಸೋತೆ!" ಎಂದು ರೈಲಿನ ಸದ್ದನ್ನೂ ಮೀರಿ ಕಿರುಚಿದರು, ತಾವೇ ಗೆದ್ದವರ ಹಾಗೆ ಎರಡೂ ಕೈ ಮೇಲೆತ್ತಿ. "ಮತ್ತೆ ಸೋತೆ!"

ಬಡಗಿ ಮತ್ತು ಕ್ಷೌರದಂಗಡಿಯವ ಓಡಿಬಂದು ಅವರನ್ನು ತಬ್ಬಿಕೊಂಡರು. ಸ್ಕೂಟರಿನವರು, ಲಾರಿಯವರು, ಬಸ್ಸಿನ ಕಿಟಕಿಯಿಂದ ತಲೆ ಹಾಕಿದವರು, ಎಲ್ಲರ ಕಣ್ಣೂ ಈಗ ಒಂದೇ ಸೈಕಲ್ಲಿನ ಮೇಲೆ. ತಾಯಿ ರೈಲನ್ನು ನೋಡಲಿಲ್ಲ, ವ್ಯಾನನ್ನು ನೋಡಲಿಲ್ಲ; ಮಗಳ ಎರಡು ಪಾದಗಳನ್ನೇ ನೋಡುತ್ತಿದ್ದರು.

ಕೊನೆಯ ಡಬ್ಬಿ ಹಾದುಹೋಯಿತು. ಗೇಟು ಎದ್ದಿತು. ಎರಡೂ ಬದಿಗೆ ಸಾಲುಗಟ್ಟಿದ್ದ ವಾಹನಗಳಲ್ಲಿ ಒಂದೂ ಹಾರನ್ ಹಾಕಲಿಲ್ಲ. ತಾಯಿ ಚಪ್ಪಲಿ ಸರಿಮಾಡಿಕೊಂಡು ಒಂದು ಹೆಜ್ಜೆ ಇಟ್ಟರು. ಅವರ ಪಕ್ಕದಲ್ಲಿ ಮುಂದಿನ ಚಕ್ರ, ಅಷ್ಟೇ ದೂರ, ಉರುಳಿತು.