ಹಡಗು ಬಿಡಿಸಿದ ತೀರ್ಪು

ಸುರೇಂದ್ರ ಅಡುಗೆಯವನಾಗಿದ್ದ ಮೀನಿನ ಹಡಗನ್ನು ಆಫ್ರಿಕಾದ ಒಂದು ದೇಶದವರು ಹಿಡಿದಿಟ್ಟ ಸುದ್ದಿ ಕುಂದೂರಿಗೆ ಬಂದದ್ದು ೨೦೦೨ರಲ್ಲಿ, ಆಲೂಗಡ್ಡೆ ಬಿತ್ತನೆ ಮುಗಿದ ವಾರ. ತಮ್ಮ ಸಮುದ್ರದಲ್ಲಿ ಅಪ್ಪಣೆಯಿಲ್ಲದೆ ಮೀನು ಹಿಡಿದರೆಂಬುದು ಅವರ ದೂರು. ಹಡಗಿನವರನ್ನೆಲ್ಲ ಬಂದರಿನಲ್ಲೇ ಕಾವಲಿನಲ್ಲಿಟ್ಟಿದ್ದರು.

ಸುರೇಂದ್ರನ ಹೆಂಡತಿ ಪುಷ್ಪಾಳಿಗೆ ಊಟ ಸೇರದಾಯಿತು. ಹಾಸನದಲ್ಲಿ ಕಾನೂನು ಓದುತ್ತಿದ್ದ ನಾದಿನಿ ಶಾಲಿನಿ ಸುದ್ದಿ ತಿಳಿದು ಊರಿಗೆ ಓಡಿಬಂದಳು.

"ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಸಮುದ್ರದ ತಕರಾರಿಗೇ ಅಂತ ಒಂದು ಕೋರ್ಟ್ ಐತೆ ಅತ್ತಿಗೆ. ಅಣ್ಣನ ಹಡಗು ಯಾವ ದೇಶದ ಬಾವುಟ ಹಾಕ್ಕೊಂಡೈತೋ, ಆ ದೇಶ ಅಲ್ಲಿ ಕೇಸ್ ಹಾಕೈತೆ."

"ಮೀನು ಕದ್ದಿಲ್ಲ ಅಂತ ಅಲ್ಲಿ ಹೇಳ್ತಾರಾ?"

"ಅದು ಅಲ್ಲಿ ಬರಲ್ಲ. ತಪ್ಪೋ ಒಪ್ಪೋ, ಹಿಡಿದ ದೇಶದ ಕೋರ್ಟೇ ಆಮೇಲೆ ನೋಡ್ಕೊಳ್ತದೆ. ತಕ್ಕ ಜಾಮೀನು ಇಟ್ರೆ ಹಡಗನ್ನೂ ಜನಾನೂ ಬೇಗ ಬಿಡ್ಬೇಕು ಅಂತ ಕಾನೂನೈತೆ. ಅವ್ರು ಕೇಳ್ತಿರೋ ಜಾಮೀನು ಹಡಗಿಗಿಂತ ದೊಡ್ಡದು. ಎಷ್ಟಾದ್ರೆ ನ್ಯಾಯ ಅಂತ ಜಡ್ಜುಗಳು ಹೇಳ್ತಾರೆ."

ರಾಗಿ ಕೇರುತ್ತಿದ್ದ ಅತ್ತೆ ವಿಶಾಲಮ್ಮ ಮೊರ ನಿಲ್ಲಿಸಿದರು. "ದನ ಪೈರು ಮೇಯ್ತು ಅಂತ ದೊಡ್ಡಿಗೆ ಹೊಡ್ದಂಗಾಯ್ತು. ಬುಡಿಸ್ಕೊಂಡು ಬರೋದು ಮೊದ್ಲು, ಜಗಳ ಆಮೇಲೆ."

"ಹೆಚ್ಚೂಕಮ್ಮಿ ಹಂಗೇ ಕಣವ್ವ."

"ಎಷ್ಟು ವರ್ಷ ಆಯ್ತದೋ," ಎಂದಳು ಪುಷ್ಪಾ.

"ವರ್ಷ ಅಲ್ಲ ಅತ್ತಿಗೆ. ಹೆಚ್ಚಂದ್ರೆ ಒಂದು ತಿಂಗಳು."

ವಿಶಾಲಮ್ಮನಿಗೆ ನಗು ಬಂತು. "ನಮ್ಮ ಗದ್ದೆ ಬದಿನ ತಕರಾರು ನಿಮ್ಮ ತಾತನ ಕಾಲದ್ದು. ಅದನ್ನೂ ಸಮುದ್ರಕ್ಕೆ ಸೇರಿಸ್ಬುಡೇ."

ಸುದ್ದಿ ಬಂದಮೇಲೆ ಆ ಮನೆಯಲ್ಲಿ ಮೊದಲ ಸಲ ಮೂವರೂ ಒಟ್ಟಿಗೆ ನಕ್ಕರು.

ತೀರ್ಪಿನ ದಿನ ಅತ್ತಿಗೆ ನಾದಿನಿ ಬಸ್ ಹತ್ತಿ ಹಾಸನದ ಸೈಬರ್ ಕೆಫೆಗೆ ಹೋದರು. ಕೋರ್ಟಿನ ಪುಟ ನಿಧಾನವಾಗಿ ತೆರೆಯಿತು. ಶಾಲಿನಿ ಸಾಲುಗಳ ಮೇಲೆ ಬೆರಳಾಡಿಸುತ್ತ ಓದಿದಳು, ಒಂದೆಡೆ ಬೆರಳು ನಿಲ್ಲಿಸಿದಳು.

"ಜಾಮೀನು ಇಳಿಸವ್ರೆ ಅತ್ತಿಗೆ. ಅದನ್ನ ಕೊಟ್ಟ ಕೂಡಲೇ ಹಡಗು, ಜನ ಎಲ್ಲಾರನ್ನೂ ಬಿಡ್ಬೇಕು ಅಂತ ಬರ್ದವ್ರೆ."

"ಇನ್ನೊಂದ್ಸಲ ಓದು. ಇಂಗ್ಲಿಷ್‌ನಾಗೇ ಓದು."

ಶಾಲಿನಿ ಓದಿದಳು. ಒಂದು ಪದವೂ ಅರ್ಥವಾಗದ ಪುಷ್ಪಾ ಕಣ್ಣೊರೆಸಿಕೊಳ್ಳುತ್ತ ತಲೆಯಾಡಿಸಿದಳು. ಆಮೇಲೆ ಎದುರಿನ ಹೋಟೆಲಿನಲ್ಲಿ ಮಸಾಲೆದೋಸೆ ತಿಂದು, ನಾದಿನಿಯ ತಟ್ಟೆಯಲ್ಲಿ ಉಳಿದದ್ದನ್ನೂ ಮುಗಿಸಿದಳು.

ಹಡಗಿನ ಕಂಪನಿ ಜಾಮೀನು ಕಟ್ಟಿತು, ಹಡಗು ಹೊರಟಿತು. ಆಲೂಗಡ್ಡೆ ಕೀಳುವ ಹೊತ್ತಿಗೆ ಸುರೇಂದ್ರ ಊರಿಗೆ ಹತ್ತಿರದ ಆಲೂರು ಬಸ್‌ಸ್ಟ್ಯಾಂಡಿನಲ್ಲಿ ಇಳಿದ. ಸೊರಗಿರುತ್ತಾನೆಂದು ಹೆದರಿದ್ದ ಪುಷ್ಪಾ ಅವನನ್ನು ಮೇಲಿಂದ ಕೆಳಗೆ ನೋಡಿದಳು.

"ಏನ್ರೀ, ಊದ್ಕೊಂಡ್ಬುಟ್ಟಿದ್ದೀರಿ?"

"ಬೇರೆ ಕೆಲ್ಸ ಇರ್ಲಿಲ್ಲ ಕಣೆ. ಕಾವಲಿನ ಪೊಲೀಸ್ರಿಗೂ ನಾನೇ ಅಡುಗೆ ಮಾಡ್ತಿದ್ದೆ, ಅವ್ರ ಜೊತೆ ನಾನೂ ತಿಂದೆ. ಹೊರಡೋ ದಿನ ಅವ್ರ ಮುಖ ನೋಡಕ್ಕಾಗ್ಲಿಲ್ಲ, ಪಾಪ."

ಪುಷ್ಪಾ ಬಸ್‌ಸ್ಟ್ಯಾಂಡಿನಲ್ಲೇ ಬಾಯಿಗೆ ಸೆರಗು ಹಿಡಿದು, ಹೊಟ್ಟೆ ನೋಯುವಷ್ಟು ನಕ್ಕಳು.